ನೆಲವೋ ಪೆಟ್ಟಿಗೆಯೋ? ಬೋನ್ಸಾಯ್‌ಗೆ ಜಪಾನಿ ಮೇಪಲ್ ಸಸಿ ಬೆಳೆಸುವ ಬಗೆ

2019ರ ಮಾರ್ಚ್ ತಿಂಗಳ ಮೊದಲ ವಾರ. ಅಮೆರಿಕದ ಒರೆಗಾನ್ ರಾಜ್ಯದ ಬೀವರ್ಟನ್‌ನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಐದು ವರ್ಷದಿಂದ ಬೆಳೆಸಿದ್ದ ಮೇಪಲ್ ಗಿಡವೊಂದನ್ನು ಅಗೆದು ಎತ್ತಿದೆ. ಕಾಂಡ ನನ್ನ ಮುಂಗೈಯಷ್ಟು ದಪ್ಪ ಬಂದಿತ್ತು. ಇನ್ನೇನು, ಬೇರು ಕತ್ತರಿಸಿ ಚಪ್ಪಟೆ ಕುಂಡದಲ್ಲಿ ಕೂರಿಸುವುದೊಂದೇ ಬಾಕಿ ಅಂತ ಖುಷಿಯಲ್ಲಿದ್ದೆ. ಪೈಪ್ ಹಿಡಿದು ಮಣ್ಣು ತೊಳೆದಾಗ ಬಣ್ಣ ಬಯಲಾಯಿತು. ಒಂದು ಕಡೆ ಹಾರೆಯಷ್ಟು ದಪ್ಪದ ಒಂದೇ ಬೇರು, ಇನ್ನೊಂದು ಕಡೆ ಬೋಳು. ಕೆಳಗೆ ಮೂಲಂಗಿಯ ಹಾಗೆ ನೆಟ್ಟಗೆ ಇಳಿದ ತಾಯಿಬೇರು. ಕುಂಡದಲ್ಲಿ ಕೂರಿಸಬೇಕೆಂದರೆ ತಾಯಿಬೇರು ಕತ್ತರಿಸಲೇಬೇಕು. ಕತ್ತರಿಸಿದರೆ ಗಿಡ ಒಂದು ಕಾಲಿನ ಮೇಲೆ ನಿಲ್ಲಬೇಕು.

ಬೋನ್ಸಾಯ್‌ನಲ್ಲಿ ಬುಡದ ಸುತ್ತ ಮಣ್ಣಿನ ಮೇಲೆ ಹರಡಿ ಕಾಣುವ ಬೇರಿಗೆ ಜಪಾನೀಯರು ನೆಬಾರಿ ಅನ್ನುತ್ತಾರೆ. ಹಳೆಯ ಆಲದ ಮರ ನೆಲವನ್ನು ಹಿಡಿದು ನಿಂತಿರುತ್ತದಲ್ಲ, ಆ ಗತ್ತು ಬರುವುದು ಅದರಿಂದಲೇ. ಮೇಪಲ್‌ಗಂತೂ ನೆಬಾರಿ ಇಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಸುಮ್ನೆ ಒಂದು ಕೋಲು ಚುಚ್ಚಿದ ಹಾಗೆ ಕಾಣುತ್ತದೆ.

ಎಳೆಯ ಮೇಪಲ್ಲನ್ನು ನೆಲದಲ್ಲಿ ಬೆಳೆಸಬೇಕೋ, ಆಳ ಕಮ್ಮಿಯಿರುವ ಮರದ ಪೆಟ್ಟಿಗೆಯಲ್ಲೋ ಅಂತ ಕೇಳುವವರಿಗೆ ಈಗ ನಾನು ಹೇಳುವುದು ಇಷ್ಟು: ಎರಡೂ ಬೇಕು, ಆದರೆ ಸರದಿ ತಪ್ಪಬಾರದು. ಮೊದಲು ಪೆಟ್ಟಿಗೆಯಲ್ಲಿ ಬೇರು, ಆಮೇಲೆ ನೆಲದಲ್ಲಿ ಕಾಂಡ, ಕೊನೆಗೆ ಮತ್ತೆ ಪೆಟ್ಟಿಗೆಯಲ್ಲಿ ಕೊಂಬೆ. ನಾನು ಮೊದಲನೆಯದನ್ನು ಹಾರಿಸಿ ನೇರ ಎರಡನೆಯದಕ್ಕೆ ಕೈ ಹಾಕಿದ್ದೆ.

ನೆಲದಲ್ಲಿ ಯಾಕೆ ದಪ್ಪ ಬರುತ್ತದೆ?

ಕಾಂಡ ದಪ್ಪವಾಗುವುದು ಎಲೆಯಿಂದ. ಎಲೆ ತಯಾರಿಸಿದ ಆಹಾರ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ಇಳಿಯುವ ದಾರಿಯಲ್ಲೇ ಕಾಂಡ ಹೊಸ ಪದರ ಕಟ್ಟಿಕೊಳ್ಳುತ್ತದೆ. ಎಲೆ ಜಾಸ್ತಿಯಾದಷ್ಟೂ ಕಾಂಡ ದಪ್ಪ. ಎಲೆ ಜಾಸ್ತಿ ಬರಬೇಕೆಂದರೆ ಬೇರು ಓಡಾಡಲು ಜಾಗ ಬೇಕು. ನೆಲದಲ್ಲಿ ಅದಕ್ಕೆ ಮಿತಿಯಿಲ್ಲ. ನೆಟ್ಟ ಮೊದಲ ವರ್ಷ ಗಿಡ ಮುನಿಸಿಕೊಂಡಂತೆ ಇರುತ್ತದೆ. ಎರಡನೆಯ ವರ್ಷ ಚಿಗುರುತ್ತದೆ. ಮೂರನೆಯ ವರ್ಷ ಒಂದೇ ಬೇಸಿಗೆಯಲ್ಲಿ ನಾಲ್ಕೈದು ಅಡಿ ಉದ್ದದ ಚಿಗುರು ಬಿಟ್ಟು ನಿಮ್ಮನ್ನು ಬೆಚ್ಚಿಬೀಳಿಸುತ್ತದೆ.

ಆ ಓಟಕ್ಕೆ ಬೆಲೆಯೂ ಇದೆ. ವೇಗವಾಗಿ ಬಂದ ಚಿಗುರಿನಲ್ಲಿ ಗೆಣ್ಣಿನಿಂದ ಗೆಣ್ಣಿಗೆ ದೂರ ಜಾಸ್ತಿ. ಕಬ್ಬು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಪಲ್ ಮೊಗ್ಗು ಬಿಡುವುದು ಗೆಣ್ಣಿನಲ್ಲಿ, ಎದುರುಬದುರಾಗಿ ಎರಡೆರಡು. ಕೆಳಗಿನ ಐದಾರು ಇಂಚಿನಲ್ಲಿ ಗೆಣ್ಣೇ ಇಲ್ಲದಿದ್ದರೆ ಮುಂದೆ ಅಲ್ಲಿ ಕೊಂಬೆ ಬೇಕೆಂದಾಗ ಬರುವುದು ಕಷ್ಟ, ಕಸಿ ಮಾಡಿಯೇ ಕೂರಿಸಬೇಕಾದೀತು. ದಪ್ಪ ಬಂದ ಕಾಂಡವನ್ನು ಕಡಿದಾಗ ದೊಡ್ಡ ಗಾಯ ಉಳಿಯುತ್ತದೆ. ಬೇರು ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ.

ಪೆಟ್ಟಿಗೆಯಲ್ಲಿ ಇದೆಲ್ಲ ಉಲ್ಟಾ. ಗಿಡ ನಿಧಾನ, ಆದರೆ ಬೇರು ನಿಮ್ಮ ಕೈಯಲ್ಲಿರುತ್ತದೆ. ಪ್ರತಿ ವಸಂತದಲ್ಲೂ ಎತ್ತಿ ನೋಡಬಹುದು. ಮೇಜಿನ ಎತ್ತರದಲ್ಲಿ ಇಟ್ಟರೆ ಸೊಂಟಕ್ಕೂ ಒಳ್ಳೆಯದು.

ಒಂದನೆಯ ಹೆಜ್ಜೆ: ಸಸಿ ಎಲ್ಲಿಂದ?

ಇಲ್ಲಿನ ನರ್ಸರಿಗಳಲ್ಲಿ ಕೆಂಪೆಲೆಯ ಚಂದದ ಮೇಪಲ್‌ಗಳು ಸಾಲಾಗಿ ನಿಂತಿರುತ್ತವೆ. ಬಹುಪಾಲು ಕಸಿ ಗಿಡಗಳು. ಬುಡದಿಂದ ನಾಲ್ಕು ಬೆರಳು ಮೇಲೆ ಒಂದು ಗಂಟು ಕಾಣುತ್ತದೆ, ಅದೇ ಕಸಿ ಕಟ್ಟಿದ ಜಾಗ. ತೋಟಕ್ಕೆ ಅದು ಲೆಕ್ಕಕ್ಕಿಲ್ಲ. ಬೋನ್ಸಾಯ್‌ನಲ್ಲಿ ಮಾತ್ರ ಕಣ್ಣು ಹೋಗುವುದೇ ಆ ಗಂಟಿನ ಮೇಲೆ. ವಯಸ್ಸಾದಂತೆ ಮೇಲಿನ ತೊಗಟೆ ಒಂದು ಬಣ್ಣ, ಕೆಳಗಿನದು ಇನ್ನೊಂದು ಆಗುವುದೂ ಉಂಟು. ಬೀಜದಿಂದ ಬಂದ ಸಾಮಾನ್ಯ ಹಸಿರೆಲೆಯ ಮೇಪಲ್ ಸಸಿ ತೆಗೆದುಕೊಳ್ಳಿ. ಒಂದೆರಡು ವರ್ಷದ್ದು, ಪೆನ್ಸಿಲ್‌ಗಿಂತ ಸಣ್ಣದು ಸಾಕು. ಬೆಲೆಯೂ ಕಮ್ಮಿ. ದೆಶೋಜೋ, ಕಿಯೋಹಿಮೆಯಂತಹ ಹೆಸರಿರುವ ತಳಿಯೇ ಬೇಕೆಂದರೆ ಕಡ್ಡಿಯಿಂದ ಅಥವಾ ಗೂಟಿಯಿಂದ (ಅಂದರೆ ಗಿಡದಲ್ಲಿರುವಾಗಲೇ ತೊಗಟೆ ಸುಲಿದು ಬೇರು ಬರಿಸಿ) ಬೆಳೆಸಿದ ಗಿಡ ಹುಡುಕಿ.

ಬೀಜದಿಂದ ಶುರು ಮಾಡುವ ಹುಮ್ಮಸ್ಸಿದ್ದರೆ ಅಕ್ಟೋಬರ್‌ನಲ್ಲಿ ಮರದ ಕೆಳಗೆ ರೆಕ್ಕೆ ಬೀಜ ಆರಿಸಿಕೊಳ್ಳಿ. ರೆಕ್ಕೆ ಮುರಿದು, ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಮರಳು ಅಥವಾ ಪೀಟ್ ಜೊತೆ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಮೂರರಿಂದ ನಾಲ್ಕು ತಿಂಗಳು, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಳಿಗಾಲ ಕಳೆದಿದೆ ಅಂತ ಬೀಜಕ್ಕೆ ಅನ್ನಿಸಬೇಕು, ಆಗಲೇ ಅದು ಮೊಳೆಯುವುದು. ನಮ್ಮ ಮನೆಯಲ್ಲಿ ಈ ಚೀಲ ಹುಳಿಪುಡಿ ಡಬ್ಬಿಯ ಪಕ್ಕ ಕೂತು, "ಇದೇನ್ರೀ, ಬೂಸು ಹಿಡಿದ ಮಣ್ಣನ್ನ ಫ್ರಿಜ್ಜಲ್ಲಿ ಇಟ್ಟಿದ್ದೀರಾ?" ಅಂತ ಮನೆಯವಳು ಅದನ್ನು ಒಮ್ಮೆ ಕಸಕ್ಕೆ ಹಾಕಿದ್ದೂ ಆಗಿದೆ. ಚೀಲದ ಮೇಲೆ ಬರೆದಿಡಿ.

ಬೀಜದ ಸಸಿ ಒಂದರಂತೆ ಇನ್ನೊಂದು ಇರುವುದಿಲ್ಲ. ಎಲೆಯ ಗಾತ್ರ, ಶರತ್ಕಾಲದ ಬಣ್ಣ, ಗೆಣ್ಣಿನ ಅಂತರ ಎಲ್ಲವೂ ಬೇರೆ ಬೇರೆ. ಅದಕ್ಕೇ ಒಂದು ಸಸಿ ಬೆಳೆಸುವ ಬದಲು ಎಂಟು ಬೆಳೆಸಿ, ಕೊನೆಗೆ ಒಳ್ಳೆಯ ಮೂರನ್ನು ಉಳಿಸಿಕೊಳ್ಳುವುದು ಜಾಣತನ.

ಎರಡನೆಯ ಹೆಜ್ಜೆ: ಬೇರು

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಮಯ: ಮೊಗ್ಗು ಉಬ್ಬಿ ಕೆಂಪಗಾಗಿರಬೇಕು, ಎಲೆ ಬಿಚ್ಚಿರಬಾರದು. ನಮ್ಮ ಪಕ್ಕದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇದು ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ. ತಣ್ಣಗಿನ ಊರುಗಳಲ್ಲಿ ಇನ್ನೂ ತಡ. ಕ್ಯಾಲೆಂಡರ್ ನೋಡಬೇಡಿ, ಮೊಗ್ಗು ನೋಡಿ.

ಸಸಿ ಕಿತ್ತು ಬೇರನ್ನು ಪೂರ್ತಿ ತೊಳೆಯಿರಿ. ಬೇರು ಒಣಗಬಾರದು, ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಈಗ ಬುಡವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸಿ. ಪಕ್ಕಕ್ಕೆ ಹೊರಟ ಬೇರುಗಳು ಬೇರೆ ಬೇರೆ ಎತ್ತರದಲ್ಲಿರುತ್ತವೆ. ನಮಗೆ ಬೇಕಾದದ್ದು ಒಂದೇ ಮಟ್ಟದಲ್ಲಿ, ಗಾಡಿ ಚಕ್ರದ ಅರಗಳ ಹಾಗೆ ಸುತ್ತಲೂ ಹರಡಿದ ನಾಲ್ಕೈದು ಬೇರು. ಆ ಮಟ್ಟವನ್ನು ಆರಿಸಿ. ಅದಕ್ಕಿಂತ ಮೇಲೆ ಹೊರಟಿದ್ದನ್ನು ಬುಡಕ್ಕೆ ಸಮವಾಗಿ ಕತ್ತರಿಸಿ. ಅದರ ಸ್ವಲ್ಪ ಕೆಳಗೆ ತಾಯಿಬೇರನ್ನು ಅಡ್ಡಕ್ಕೆ ಕತ್ತರಿಸಿ. ಕೈ ನಡುಗುತ್ತದೆ, ನನಗೂ ನಡುಗಿತ್ತು. ಎಳೆಯ ಮೇಪಲ್ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಉಳಿದ ಬೇರುಗಳಲ್ಲಿ ದಪ್ಪ ಇರುವುದನ್ನು ಗಿಡ್ಡ ಮಾಡಿ, ಸಣ್ಣದನ್ನು ಉದ್ದ ಬಿಡಿ. ಹೀಗೆ ಮಾಡಿದರೆ ಎರಡು ವರ್ಷದಲ್ಲಿ ಎಲ್ಲವೂ ಹೆಚ್ಚುಕಮ್ಮಿ ಸಮ ಆಗುತ್ತವೆ.

ಇನ್ನು ಹಲಗೆ. ಒಂದು ಗೇಣು ಅಗಲದ ಮರದ ತುಂಡು ತೆಗೆದುಕೊಳ್ಳಿ. ನಡುವೆ ತೂತು ಕೊರೆದು ಕೆಳಗಿನಿಂದ ಒಂದು ಸ್ಕ್ರೂ ಹಾಕಿ, ಅದರ ಮೊನೆ ಕತ್ತರಿಸಿದ ತಾಯಿಬೇರಿನ ಮಧ್ಯಕ್ಕೆ ಇಳಿಯುವಂತೆ ತಿರುಗಿಸಿ. ಗಿಡ ಹಲಗೆಯ ಮೇಲೆ ಅಲ್ಲಾಡದೆ ನಿಲ್ಲುತ್ತದೆ. ಆಮೇಲೆ ಒಂದೊಂದೇ ಬೇರನ್ನು ಬೇಕಾದ ದಿಕ್ಕಿಗೆ ಎಳೆದು, ಅದರ ಎರಡೂ ಬದಿಗೆ ಸಣ್ಣ ಮೊಳೆ ಹೊಡೆದು ಹಿಡಿದಿಡಿ. ಬೇರಿನ ಮೈಗೆ ಮೊಳೆ ಹೊಡೆಯಬೇಡಿ, ಪಕ್ಕಕ್ಕೆ ಮಾತ್ರ. ಮುಗಿದ ಮೇಲೆ ನೋಡಿದರೆ ಮಕ್ಕಳ ರಂಗೋಲಿ ಅಭ್ಯಾಸದ ಹಾಗೆ ಕಾಣುತ್ತದೆ: ನಡುವೆ ಕಡ್ಡಿ, ಸುತ್ತ ಗೆರೆ, ಗೆರೆಯ ಆಚೆ ಈಚೆ ಚುಕ್ಕಿ. ಕೆಳಗೆ ಹಲಗೆ ಇರುವುದರಿಂದ ಹೊಸ ಬೇರು ಕೆಳಗಿಳಿಯಲಾರದು, ಪಕ್ಕಕ್ಕೇ ಹೋಗಬೇಕು.

ಸುತ್ತಲೂ ಬೇರೇ ಇಲ್ಲದ ಸಸಿಗೆ ಇನ್ನೊಂದು ಉಪಾಯವಿದೆ. ಕಾಂಡಕ್ಕಿಂತ ಒಂದೆರಡು ಮಿಲಿಮೀಟರ್ ಮಾತ್ರ ಅಗಲವಾದ ತೂತಿರುವ ಟೈಲ್ ಅಥವಾ ಲೋಹದ ತಗಡಿನ ಮೂಲಕ ಬೇರನ್ನು ಕೆಳಕ್ಕೆ ತೂರಿಸಿ, ಟೈಲಿನ ಮೇಲೆ ಎರಡು ಇಂಚು ಮಣ್ಣು ಮುಚ್ಚಿ. ಕಾಂಡ ದಪ್ಪವಾದಂತೆ ತೂತು ಅದರ ಕತ್ತು ಹಿಸುಕುತ್ತದೆ. ಕೆಳಗಿಳಿಯಲಾಗದ ಆಹಾರ ಟೈಲಿನ ಮೇಲ್ಗಡೆ ತುಂಬಿಕೊಂಡು ಅಲ್ಲಿಂದ ಸುತ್ತಲೂ ಹೊಸ ಬೇರು ಒಡೆಯುತ್ತದೆ. ಎರಡು ಮೂರು ವರ್ಷ ಹಿಡಿಯುತ್ತದೆ, ಆದರೆ ಬರುವ ನೆಬಾರಿ ಅಚ್ಚುಕಟ್ಟು.

ಮೂರನೆಯ ಹೆಜ್ಜೆ: ಪೆಟ್ಟಿಗೆ

ಹದಿನಾಲ್ಕರಿಂದ ಹದಿನಾರು ಇಂಚು ಚೌಕ, ನಾಲ್ಕೈದು ಇಂಚು ಆಳ. ಇದಕ್ಕಿಂತ ಆಳ ಬೇಡವೇ ಬೇಡ. ಸೀಡರ್ ಹಲಗೆ ಇಲ್ಲಿ ಸುಲಭವಾಗಿ ಸಿಗುತ್ತದೆ, ಬೇಗ ಕೊಳೆಯುವುದಿಲ್ಲ. ತಳಕ್ಕೆ ಹಲಗೆ ಹಾಕಬೇಡಿ, ಗಟ್ಟಿ ಜಾಲರಿ ಹೊಡೆಯಿರಿ. ಭಾರ ತಡೆಯಲು ಅಡಿಯಲ್ಲಿ ಎರಡು ರೀಪು. ಮರಗೆಲಸ ಬೇಡ ಅನ್ನುವವರಿಗೆ ನರ್ಸರಿಯವರು ಬಳಸುವ ಆಂಡರ್ಸನ್ ಫ್ಲ್ಯಾಟ್ ಅನ್ನುವ ಜಾಲರಿ ತಳದ ಪ್ಲಾಸ್ಟಿಕ್ ಟ್ರೇ ಇದೆ. ಅಳತೆ ಹೆಚ್ಚುಕಮ್ಮಿ ಇದೇ, ಬಾಳಿಕೆಯೂ ಚೆನ್ನಾಗಿದೆ.

ಜಾಲರಿ ಯಾಕೆ? ಬೇರಿನ ತುದಿ ಜಾಲರಿ ದಾಟಿ ಗಾಳಿಗೆ ಬಂದಾಗ ಒಣಗಿ ನಿಲ್ಲುತ್ತದೆ. ಹಿಂದೆ ನಾಲ್ಕಾರು ಕವಲು ಒಡೆಯುತ್ತದೆ. ಸಾಮಾನ್ಯ ಕುಂಡದಲ್ಲಾದರೆ ಅದೇ ಬೇರು ಗೋಡೆ ಹಿಡಿದು ಸುತ್ತು ಹೊಡೆಯುತ್ತಾ ಹಗ್ಗದ ಸಿಂಬಿಯಾಗುತ್ತದೆ. ಜಾಲರಿಯ ಈ ಕೆಲಸ ನಡೆಯಬೇಕೆಂದರೆ ಪೆಟ್ಟಿಗೆ ನೆಲಕ್ಕೆ ತಾಗಬಾರದು. ಇಟ್ಟಿಗೆ ಮೇಲೋ ಬೆಂಚಿನ ಮೇಲೋ ಇರಲಿ.

ಮಣ್ಣಿನ ಬಗ್ಗೆ ಬೋನ್ಸಾಯ್ ಜನ ಜಗಳವಾಡುವಷ್ಟು ಬೇರೆ ಯಾವುದಕ್ಕೂ ಆಡುವುದಿಲ್ಲ. ಜಪಾನಿನ ಅಕಡಾಮಾ ಮಣ್ಣು ಒಳ್ಳೆಯದೇ, ಆದರೆ ಹಡಗಿನಲ್ಲಿ ಬರುವುದರಿಂದ ಬೆಲೆ ಜಾಸ್ತಿ. ಈ ಹಂತಕ್ಕೆ ಅದು ದುಂದು. ಒರೆಗಾನ್‌ನಲ್ಲಿ ಜ್ವಾಲಾಮುಖಿಯ ಪ್ಯೂಮಿಸ್ ಕಲ್ಲು ಧಾರಾಳವಾಗಿ ಸಿಗುತ್ತದೆ. ನಾನು ಹಾಕುವುದು ಮೂರು ಪಾಲು ಪ್ಯೂಮಿಸ್, ಒಂದು ಪಾಲು ಕಾಂಪೋಸ್ಟ್ ಆದ ಸಣ್ಣ ತೊಗಟೆ ಚೂರು. ಕಾಳು ಮೂರರಿಂದ ಆರು ಮಿಲಿಮೀಟರ್. ಜರಡಿ ಹಿಡಿದು ದೂಳು ತೆಗೆಯುವುದನ್ನು ಮಾತ್ರ ತಪ್ಪಿಸಬೇಡಿ. ಒಂದು ಸಲ ಸೋಮಾರಿತನ ಮಾಡಿ ಹಾಗೇ ಸುರಿದಿದ್ದೆ. ತಳದಲ್ಲಿ ರಾಡಿ ಕಟ್ಟಿ ಒಂದು ಗಿಡದ ಬೇರು ಕೊಳೆಯಿತು.

ಹಲಗೆ ಸಮೇತ ಗಿಡವನ್ನು ಕೂರಿಸಿ, ಬೇರಿನ ನಡುವೆ ಮಣ್ಣು ಇಳಿಯುವಂತೆ ಕಡ್ಡಿಯಿಂದ ಕುಟ್ಟಿ, ತಿಳಿನೀರು ಹೊರಬರುವವರೆಗೆ ನೀರು ಹಾಕಿ. ಎರಡು ವಾರ ಬಿಸಿಲು, ಹಿಮ ಎರಡೂ ತಾಗದ ಕಡೆ ಇಡಿ. ಎಲೆ ಬಲಿತ ಮೇಲೆ ಗೊಬ್ಬರ. ಜಪಾನಿನಲ್ಲಿ ಬೋನ್ಸಾಯ್‌ಗೆ ಅಬುರಾಕಾಸು ಅಂತ ಉಂಡೆ ಇಡುತ್ತಾರೆ. ಏನು ಮಹಾ ಅಂತ ನೋಡಿದರೆ ಎಣ್ಣೆ ತೆಗೆದ ರೇಪ್‌ಸೀಡ್ ಹಿಂಡಿ. ನಮ್ಮಜ್ಜ ತೆಂಗಿನ ಬುಡಕ್ಕೆ ಹಾಕುತ್ತಿದ್ದ ಹರಳು ಹಿಂಡಿಯ ದೂರದ ನೆಂಟ ಅಷ್ಟೇ.

ಮೊದಲ ವರ್ಷ ಕತ್ತರಿ ಮುಟ್ಟಬೇಡಿ. ಕಾಂಡಕ್ಕೆ ಬಳುಕು ಬೇಕಿದ್ದರೆ ಪೆನ್ಸಿಲ್ ದಪ್ಪ ಇರುವಾಗಲೇ ತಂತಿ ಸುತ್ತಿ ಬಗ್ಗಿಸಿ. ಮೇ ತಿಂಗಳಲ್ಲಿ ಮೇಪಲ್ ಎಷ್ಟು ಬೇಗ ಉಬ್ಬುತ್ತದೆಂದರೆ ಆರು ವಾರದಲ್ಲಿ ತಂತಿ ತೊಗಟೆಗೆ ಕಚ್ಚಿರುತ್ತದೆ. ವಾರಕ್ಕೊಮ್ಮೆ ನೋಡುತ್ತಿರಿ.

ಎರಡು ವಸಂತ ಕಳೆದ ಮೇಲೆ ಪೆಟ್ಟಿಗೆ ಬಿಚ್ಚಿ ನೋಡಿ. ಸುತ್ತಲೂ ಬೇರು ಬಂದಿದ್ದರೆ ಆ ಗಿಡ ನೆಲಕ್ಕೆ ಇಳಿಯಬಹುದು. ಒಂದು ಕಡೆ ಖಾಲಿ ಇದ್ದರೆ ಇನ್ನೊಂದು ವರ್ಷ ಪೆಟ್ಟಿಗೆಯಲ್ಲೇ ಇರಲಿ. ಇಲ್ಲಿ ಅವಸರ ಮಾಡಿದವರೇ ನನ್ನ ಹಾಗೆ ಐದು ವರ್ಷ ಆದ ಮೇಲೆ ಹಣೆ ಚಚ್ಚಿಕೊಳ್ಳುವುದು.

ನಾಲ್ಕನೆಯ ಹೆಜ್ಜೆ: ನೆಲ

ಮೊದಲು ಜಾಗ. ಇಲ್ಲಿನ ನಮ್ಮವರ ಹಿತ್ತಲಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ ಇದ್ದೇ ಇರುತ್ತದೆ. ಆ ಮಡಿಯಲ್ಲಿ ಮೇಪಲ್ ನೆಡಬೇಡಿ. ವರ್ಟಿಸಿಲಿಯಮ್ ಅನ್ನುವ ಬೂಸು ಈ ತರಕಾರಿಗಳಿಗೂ ಬರುತ್ತದೆ, ಮೇಪಲ್‌ಗೂ ಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಚೆನ್ನಾಗಿದ್ದ ಗಿಡದ ಒಂದೇ ಕೊಂಬೆ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಬಾಡಿ, ಕತ್ತರಿಸಿ ನೋಡಿದರೆ ಒಳಗೆ ಹಸಿರುಗಪ್ಪು ಗೆರೆ ಕಂಡರೆ ಅದೇ. ಇದಕ್ಕೆ ಮದ್ದಿಲ್ಲ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಪಕ್ಕದ ಗಿಡಕ್ಕೆ ಹೋಗಬೇಡಿ.

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ಒಳ್ಳೆಯದು. ನಮ್ಮ ವಿಲಾಮೆಟ್ ಕಣಿವೆಯದು ಅಂಟುಮಣ್ಣು. ಚಳಿಗಾಲವಿಡೀ ಮಳೆ ಸುರಿದು ನೀರು ನಿಲ್ಲುತ್ತದೆ. ಅದಕ್ಕೆ ಒಂದಡಿ ಎತ್ತರದ ಏರುಮಡಿ ಮಾಡಿ. ಅಂಟುಮಣ್ಣಿನಲ್ಲಿ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬುವ ಐಡಿಯಾ ಬೇಡ, ಅದು ಬಟ್ಟಲಿನಲ್ಲಿ ಗಿಡ ನೆಟ್ಟ ಹಾಗೆ. ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ.

ಮಡಿಯಲ್ಲಿ ಮೂರು ನಾಲ್ಕು ಇಂಚು ಕೆಳಗೆ ಒಂದಡಿ ಚೌಕದ ನೆಲದ ಟೈಲ್ ಇಟ್ಟು, ಅದರ ಮೇಲೆ ಗಿಡ ಕೂರಿಸಿ, ಬೇರು ಹರಡಿ ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಮೂರಡಿ. ಮೇಲೆ ತೊಗಟೆ ಚೂರಿನ ಹೊದಿಕೆ ಹಾಕಿ, ಬುಡಕ್ಕೆ ಮಾತ್ರ ತಾಗಿಸಬೇಡಿ. ಜಿಂಕೆ ಬರುವ ಬೀದಿಯಾದರೆ ಬೇಲಿ ಬೇಕೇಬೇಕು. ಮೇಪಲ್ ಚಿಗುರನ್ನು ಅವು ಕೊತ್ತಂಬರಿ ಸೊಪ್ಪಿನ ಹಾಗೆ ಮೇಯುತ್ತವೆ.

ನೆಲಕ್ಕೆ ಇಳಿಸಿದ ಮೇಲೆ ಮರೆತುಬಿಡುವುದು ಎರಡನೆಯ ದೊಡ್ಡ ತಪ್ಪು. ಎರಡು ವರ್ಷಕ್ಕೊಮ್ಮೆ, ಮೊಗ್ಗು ಉಬ್ಬುವ ಹೊತ್ತಿಗೆ ಸುತ್ತಲೂ ಒಂದಡಿ ದೂರದಲ್ಲಿ ಗುದ್ದಲಿಯಿಂದ ಕಡಿದು ಗಿಡ ಎತ್ತಿ. ಟೈಲಿನ ಅಂಚು ದಾಟಿ ಕೆಳಗಿಳಿದ ದಪ್ಪ ಬೇರುಗಳನ್ನು ಕತ್ತರಿಸಿ ಮತ್ತೆ ಅಲ್ಲೇ ನೆಡಿ. ಗಿಡ ಸ್ವಲ್ಪ ಹಿಂದೆ ಬೀಳುತ್ತದೆ, ಬೀಳಲಿ. ಎತ್ತದೆ ಬಿಟ್ಟರೆ ಒಂದೆರಡು ಬೇರು ದಾಂಡಿಗರಾಗಿ ಉಳಿದವನ್ನು ಸೊರಗಿಸುತ್ತವೆ.

ಐದನೆಯ ಹೆಜ್ಜೆ: ಹರಕೆ ಕೊಂಬೆ, ಆಮೇಲೆ ಗರಗಸ

ಬುಡ ದಪ್ಪವಾಗಲೆಂದೇ ಬೆಳೆಸಿ, ಕೆಲಸ ಮುಗಿದ ಮೇಲೆ ಕಡಿಯುವ ಕೊಂಬೆಗಳಿರುತ್ತವೆ. ನಾನು ಅದಕ್ಕೆ ಹರಕೆ ಕೊಂಬೆ ಅನ್ನುತ್ತೇನೆ. ಹರಕೆಯ ಕುರಿಯ ಹಾಗೆ, ಕೊಬ್ಬಿಸುವುದೇ ಕಡಿಯಲಿಕ್ಕೆ. ಬುಡದ ಹತ್ತಿರ ಒಂದು, ಮುಂದೆ ಬೋನ್ಸಾಯ್‌ನ ಹಿಂಬದಿಯಾಗುವ ಕಡೆ ಇರಲಿ, ಗಾಯ ಅತ್ತ ಮರೆಯಾಗುತ್ತದೆ. ಅದನ್ನು ಎಷ್ಟು ಉದ್ದ ಬೇಕಾದರೂ ಓಡಲು ಬಿಡಿ. ಆದರೆ ಕಾಂಡದ ಅರ್ಧದಷ್ಟು ದಪ್ಪವಾಗುವ ಮೊದಲೇ ತೆಗೆದುಬಿಡಿ. ಇಲ್ಲದಿದ್ದರೆ ಅಲ್ಲಿ ಗಂಟು ಕಟ್ಟುತ್ತದೆ.

ಕಾಂಡ ಕಡಿಯುವ ಲೆಕ್ಕ ಸರಳ. ಬುಡದ ದಪ್ಪದ ಆರು ಪಟ್ಟು ಮರದ ಎತ್ತರ ಅನ್ನುವುದು ಬೋನ್ಸಾಯ್‌ನಲ್ಲಿ ರೂಢಿ. ಬುಡ ಎರಡು ಇಂಚು ಆದರೆ ಮರ ಹನ್ನೆರಡು ಇಂಚು. ಮೊದಲ ಕಡಿತ ಅದರ ಮೂರನೇ ಒಂದು ಭಾಗದಲ್ಲಿ, ಅಂದರೆ ನಾಲ್ಕು ಇಂಚಿನಲ್ಲಿ. ಆರಡಿ ಬೆಳೆದ ಗಿಡವನ್ನು ನಾಲ್ಕು ಇಂಚಿಗೆ ಇಳಿಸುವುದು! ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ಅಮ್ಮ ಹಾಸನದಿಂದ, "ಅಲ್ಲ ಕಣೋ, ಮಕ್ಕಳ ಹಾಗೆ ಸಾಕಿದ ಗಿಡಾನ ಬುಡಕ್ಕೇ ಕಡಿದ್ಯಲ್ಲೋ, ನಿಂಗೇನ್ ಬಂತು?" ಅಂದರು. ಮೇಲಿನ ಭಾಗ ಮುಂದಿನ ನಾಲ್ಕು ವರ್ಷದಲ್ಲಿ ಹೊಸ ಚಿಗುರಿನಿಂದ ಬರುತ್ತದೆ, ಹಾಗಾಗಿಯೇ ಕೆಳಗೆ ದಪ್ಪ ಮೇಲೆ ಸಣ್ಣ ಆಗುತ್ತದೆ ಅಂತ ವಿವರಿಸಿದೆ. ಒಪ್ಪಿದ ಹಾಗೆ ಕಾಣಲಿಲ್ಲ.

ಯಾವಾಗ ಕಡಿಯಬೇಕು? ಚಳಿಗಾಲದ ಕೊನೆಯಲ್ಲಿ ಬೇಡ. ಆಗ ಮೇಪಲ್‌ನಲ್ಲಿ ರಸ ಏರುತ್ತಿರುತ್ತದೆ, ಗಾಯದಿಂದ ನಲ್ಲಿ ಸೋರಿದ ಹಾಗೆ ತೊಟ್ಟಿಕ್ಕುತ್ತದೆ. ಮೇ ಕೊನೆ ಅಥವಾ ಜೂನ್, ಮೊದಲ ಎಲೆಗಳು ಬಲಿತು ಗಡುಸಾದ ಮೇಲೆ ಕಡಿದರೆ ಗಾಯದ ಅಂಚು ಬೇಗ ಉರುಳಿಕೊಂಡು ಬರುತ್ತದೆ. ಗೆಣ್ಣಿಗೆ ತೀರಾ ಹತ್ತಿರ ಕಡಿಯಬೇಡಿ, ಒಂದು ಇಂಚು ಕೂಳೆ ಬಿಡಿ. ಮೇಪಲ್ ಕಡಿದ ಜಾಗದಿಂದ ಕೆಳಗಿನ ಗೆಣ್ಣಿನವರೆಗೆ ಒಣಗುವುದುಂಟು. ಮುಂದಿನ ವರ್ಷ ಚಿಗುರು ಗಟ್ಟಿಯಾದ ಮೇಲೆ ಕೂಳೆಯನ್ನು ಓರೆಯಾಗಿ ಕೊರೆದು, ಗಾಯಕ್ಕೆ ಹಚ್ಚುವ ಪೇಸ್ಟ್ ಬಳಿಯಿರಿ.

ಒಂದು ಮಾತು ನೆನಪಿರಲಿ. ಕಡಿದ ವರ್ಷವೇ ಗಿಡವನ್ನು ನೆಲದಿಂದ ಎತ್ತಬೇಡಿ. ನೆಲದಲ್ಲಿ ಜೋರಾಗಿ ಬೆಳೆಯುವ ಗಿಡ ಒಂದಿಂಚಿನ ಗಾಯವನ್ನು ಎರಡು ಮೂರು ವರ್ಷದಲ್ಲಿ ಮುಚ್ಚಿಕೊಳ್ಳಬಲ್ಲದು. ಅದೇ ಗಾಯ ಚಿಕ್ಕ ಕುಂಡಕ್ಕೆ ಹೋದರೆ ಹಾಗೇ ಬಾಯಿ ತೆರೆದುಕೊಂಡಿರುತ್ತದೆ. ಎರಡು ವರ್ಷಕ್ಕೊಮ್ಮೆ ಬೇರು ನೋಡುವ ಸರದಿ ಆ ವರ್ಷವೇ ಬಿದ್ದರೆ ಅದನ್ನು ಮುಂದಕ್ಕೆ ಹಾಕಿ, ಮೊದಲು ಗಾಯ ವಾಸಿಯಾಗಲಿ.

ಬಿಸಿಲು, ಹಿಮ, ನೀರು

2019ರಲ್ಲೇ ಎಂಟು ಹೊಸ ಸಸಿಗಳನ್ನು ಸರಿಯಾದ ಕ್ರಮದಲ್ಲಿ ಶುರು ಮಾಡಿದ್ದೆ. 2021ರ ಮಾರ್ಚ್‌ನಲ್ಲಿ ನಾಲ್ಕು ನೆಲಕ್ಕೆ ಇಳಿದವು, ನಾಲ್ಕು ಪೆಟ್ಟಿಗೆಯಲ್ಲೇ ಉಳಿದವು. ಮೂರು ತಿಂಗಳಿಗೆ ಪರೀಕ್ಷೆ ಬಂತು. ಜೂನ್ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 46 ಸೆಲ್ಸಿಯಸ್‌ಗಿಂತ ಜಾಸ್ತಿ. ಬಳ್ಳಾರಿ, ರಾಯಚೂರಿನ ಮೇ ತಿಂಗಳೂ ತಂಪು ಅನ್ನಿಸುವ ಹಾಗಿತ್ತು. ಪೆಟ್ಟಿಗೆಗಳನ್ನು ಮನೆಯ ಉತ್ತರ ಗೋಡೆಗೆ ಸರಿಸಿ, ಹಳೆಯ ಬೆಡ್‌ಶೀಟ್ ಕಟ್ಟಿ, ದಿನಕ್ಕೆ ಮೂರು ಸಲ ನೀರು ಹಾಕಿದೆ. ಆದರೂ ಎಲೆಗಳು ಹಪ್ಪಳವಾದವು. ಒಂದು ಗಿಡ ಹೋಯಿತು. ನೆಲದ ನಾಲ್ಕಕ್ಕೆ ಎಲೆಯ ಅಂಚು ಕಂದಿತು, ಅಷ್ಟೇ. ನಾಲ್ಕೈದು ಇಂಚು ಆಳದ ಮಣ್ಣು ಕಾದಷ್ಟು ಬೇಗ ಭೂಮಿ ಕಾಯುವುದಿಲ್ಲ ಅಲ್ವಾ.

ಚಳಿಗೂ ಇದೇ ಮಾತು. ಮೇಪಲ್‌ನ ಕೊಂಬೆ ತಡೆಯುವಷ್ಟು ಚಳಿಯನ್ನು ಅದರ ಬೇರು ತಡೆಯುವುದಿಲ್ಲ. ಪೆಟ್ಟಿಗೆಯಲ್ಲಿ ಬೇರಿನ ನಾಲ್ಕೂ ಕಡೆ ಗಾಳಿ. ನವೆಂಬರ್‌ನಲ್ಲಿ ಬೆಂಚಿನಿಂದ ಇಳಿಸಿ ಗೋಡೆಯ ಪಕ್ಕ ನೆಲದ ಮೇಲಿಟ್ಟು, ಸುತ್ತ ತೊಗಟೆ ಚೂರು ಒಟ್ಟಿ. ಪೆಟ್ಟಿಗೆಗೆ ಒಂದೇ ಲಾಭ: ಏಪ್ರಿಲ್‌ನಲ್ಲಿ ಎಲೆ ಬಿಚ್ಚಿದ ಮೇಲೆ ಹಿಮ ಬೀಳುವ ಸೂಚನೆ ಸಿಕ್ಕರೆ ಗ್ಯಾರೇಜಿನೊಳಗೆ ತಂದಿಡಬಹುದು. ನೆಲದ್ದಕ್ಕೆ ದುಪ್ಪಟಿ ಹೊದಿಸಿ ದೇವರ ಮೇಲೆ ಭಾರ ಹಾಕಬೇಕು.

ನೀರು ನೆಲಕ್ಕೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಆಳಕ್ಕೆ ಇಳಿಯುವಂತೆ. ಪೆಟ್ಟಿಗೆಗೆ ದಿನಾ. ಜುಲೈನಲ್ಲಿ ಒಂದು ತಿಂಗಳು ಊರಿಗೆ ಹೋಗುವವರು ಟೈಮರ್ ಹಾಕಿಸಿ, ಪಕ್ಕದ ಮನೆಯವರನ್ನು ನಂಬಬೇಡಿ. ಅನುಭವದಿಂದ ಹೇಳುತ್ತಿದ್ದೇನೆ.

2024ರ ಮಾರ್ಚ್‌ನಲ್ಲಿ ಅಳತೆ ಪಟ್ಟಿ ಹಿಡಿದೆ. ನೆಲದ ಗಿಡಗಳ ಬುಡ ಸುಮಾರು ಎರಡು ಇಂಚು. ಪೆಟ್ಟಿಗೆಯವು ಒಂದು ಇಂಚಿನ ಆಸುಪಾಸು. ಆದರೆ ಪೆಟ್ಟಿಗೆಯ ಒಂದು ಗಿಡದ ಬೇರು ಎಷ್ಟು ಚಂದ ಇದೆಯೆಂದರೆ, ನನಗೆ ಉಳಿದ ಏಳರಲ್ಲಿ ಅದೇ ಹೆಚ್ಚು ಇಷ್ಟ. ಆರೇಳು ಇಂಚಿನ ಪುಟ್ಟ ಬೋನ್ಸಾಯ್ ಸಾಕು ಅನ್ನುವವರು ನೆಲದ ಗೋಜಿಗೆ ಹೋಗದೆ ಪೂರ್ತಿ ಪೆಟ್ಟಿಗೆಯಲ್ಲೇ ಬೆಳೆಸಬಹುದು. ಬಾಡಿಗೆ ಮನೆಯವರಿಗೂ ನನ್ನ ಸಲಹೆ ಅದೇ. ಮನೆ ಬಿಡುವ ತಿಂಗಳು ಆಗಸ್ಟ್ ಆಗಿದ್ದರೆ ನೆಲದ ಮೇಪಲ್ಲನ್ನು ಕೀಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ನಡುದಾರಿಯೂ ಒಂದಿದೆ. ಜಾಲರಿ ತಳದ ಪೆಟ್ಟಿಗೆಯನ್ನು ಬೆಂಚಿನ ಬದಲು ಮಡಿಯ ಮೇಲೇ ಇಟ್ಟುಬಿಡಿ. ಬೇರು ಜಾಲರಿ ದಾಟಿ ನೆಲಕ್ಕೆ ಇಳಿದು ಗಿಡಕ್ಕೆ ಬಲ ಕೊಡುತ್ತದೆ. ಬುಡದ ಹತ್ತಿರದ ಬೇರು ಪೆಟ್ಟಿಗೆಯೊಳಗೇ ಅಚ್ಚುಕಟ್ಟಾಗಿ ಇರುತ್ತದೆ. ವಸಂತದಲ್ಲಿ ಪೆಟ್ಟಿಗೆಯ ತಳಕ್ಕೆ ಗರಗಸ ಆಡಿಸಿ ಬಿಡಿಸಿಕೊಂಡರಾಯಿತು. ದಪ್ಪ ನೆಲದಷ್ಟು ಬರುವುದಿಲ್ಲ, ಬರೀ ಪೆಟ್ಟಿಗೆಗಿಂತ ಬೇಗ ಬರುತ್ತದೆ.

ಆರನೆಯ ಹೆಜ್ಜೆ: ಮರಳಿ ಪೆಟ್ಟಿಗೆಗೆ

ಗಾಯ ಮುಚ್ಚಿದ, ಬುಡ ಬೇಕಾದಷ್ಟು ದಪ್ಪವಾದ ಗಿಡವನ್ನು ಮಾರ್ಚ್‌ನಲ್ಲಿ ಎತ್ತಿ, ಬೇರನ್ನು ಚಪ್ಪಟೆಯಾಗಿ ಕತ್ತರಿಸಿ, ಅದೇ ಅಳತೆಯ ಪೆಟ್ಟಿಗೆಗೆ ಹಾಕಿ. ಇನ್ನು ಗುರಿ ಬೇರೆ. ಈಗ ಗೆಣ್ಣು ಹತ್ತಿರ ಹತ್ತಿರ ಬರಬೇಕು, ಕೊಂಬೆ ಕವಲೊಡೆಯಬೇಕು. ವಸಂತದ ಮೊದಲ ಚಿಗುರಿಗೆ ಗೊಬ್ಬರ ಕೊಡಬೇಡಿ. ಒಂದು ಜೋಡಿ ಎಲೆ ಬಿಚ್ಚುತ್ತಿದ್ದಂತೆ ನಡುವಿನ ಎಳೆ ತುದಿಯನ್ನು ಚಿಮುಟದಲ್ಲಿ ಚಿವುಟಿ. ಕೊಂಬೆಯ ಕೆಲಸವೇ ಒಂದು ಬೇರೆ ಲೇಖನದಷ್ಟಿದೆ, ಇಲ್ಲಿ ಅದು ಬೇಡ.

ಬೆಂಗಳೂರಿನಲ್ಲಿ ಆಗುತ್ತದಾ ಅಂತ ಕೇಳುವವರು ಬಹಳ. ಜಪಾನಿ ಮೇಪಲ್‌ಗೆ ಎಲೆ ಉದುರಿಸಿ ಮಲಗುವಷ್ಟು ನಿಜವಾದ ಚಳಿಗಾಲ ಬೇಕು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು. ಒಂದೆರಡು ವರ್ಷ ಹೇಗೋ ಇದ್ದು ಸೊರಗುತ್ತದೆ. ಇಲ್ಲಿಂದ ಸೂಟ್‌ಕೇಸ್‌ನಲ್ಲಿ ಸಸಿ ತರುವ ಯೋಚನೆಯಂತೂ ಬಿಡಿ, ಪರವಾನಗಿ ಮತ್ತು ಗಿಡದ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಗಿಡ ತರುವಂತಿಲ್ಲ. ಅಲ್ಲಿ ಬಸರಿ, ಗೋಣಿ, ಅತ್ತಿ ಇವೆಯಲ್ಲ. ಹಲಗೆ, ಪೆಟ್ಟಿಗೆ, ನೆಲ, ಮತ್ತೆ ಪೆಟ್ಟಿಗೆ ಅನ್ನುವ ಇದೇ ಸರದಿ ಅವಕ್ಕೂ ನಡೆಯುತ್ತದೆ, ಬೇರಿನ ಕೆಲಸ ಮಾತ್ರ ಸೆಕೆ ಶುರುವಾದ ಮೇಲೆ ಇಟ್ಟುಕೊಳ್ಳಿ.

ಒಂಟಿಕಾಲಿನ ಗಿಡ ಏನಾಯಿತು?

ಬಿಸಾಡಲು ಮನಸ್ಸು ಬರಲಿಲ್ಲ. ಹಾಗೇ ಮತ್ತೆ ನೆಟ್ಟು ಒಂದು ವರ್ಷ ಬಿಟ್ಟೆ. 2020ರ ಮೇ ಕೊನೆಯಲ್ಲಿ, ಊರಿನಲ್ಲಿ ದಾಳಿಂಬೆಗೆ ಕಟ್ಟುವ ಹಾಗೆ ಗೂಟಿ ಕಟ್ಟಿದೆ. ಕೆಟ್ಟ ಬೇರಿಗಿಂತ ಮೇಲೆ ಕಾಂಡದ ಸುತ್ತ ತೊಗಟೆಯನ್ನು ಉಂಗುರದ ಹಾಗೆ ತೆಗೆದೆ. ಉಂಗುರದ ಅಗಲ ಕಾಂಡದ ದಪ್ಪದ ಒಂದೂವರೆ ಪಟ್ಟು ಇರಬೇಕು, ಕಮ್ಮಿಯಾದರೆ ತೊಗಟೆ ಮತ್ತೆ ಕೂಡಿಕೊಂಡುಬಿಡುತ್ತದೆ. ಒಳಗಿನ ಹಸಿರು ಪದರವನ್ನು ಬಿಳಿ ಮರ ಕಾಣುವವರೆಗೆ ಕೆರೆದು, ಮೇಲಿನ ಅಂಚಿಗೆ ಬೇರು ಬರಿಸುವ ಪುಡಿ ಸವರಿ, ಒದ್ದೆ ಸ್ಫ್ಯಾಗ್ನಮ್ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟಿದೆ. ಎಂಟನೆಯ ವಾರಕ್ಕೆ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಂಡಿತು. ಅವು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾದು ಸೆಪ್ಟೆಂಬರ್‌ನಲ್ಲಿ ಕೆಳಗೆ ಗರಗಸ ಆಡಿಸಿದೆ. ಪಾಚಿ ಬಿಡಿಸಲಿಲ್ಲ, ಎಳೆಬೇರು ಮುರಿಯುತ್ತದೆ. ಹಾಗೇ ಪೆಟ್ಟಿಗೆಗೆ ಹಾಕಿ ಪ್ಯೂಮಿಸ್ ತುಂಬಿದೆ. ಸುತ್ತಲೂ ಹದಿಮೂರು ಬೇರು, ಎಲ್ಲ ಒಂದೇ ಮಟ್ಟದಲ್ಲಿ. ನೆಲದಲ್ಲಿ ಉಳಿದ ಮೋಟು ಬುಡವೂ ಮರುವರ್ಷ ಚಿಗುರಿತು. ಅದನ್ನು ಹಾಗೇ ಬಿಟ್ಟಿದ್ದೇನೆ, ಅದರ ನೆರಳಿನಲ್ಲಿ ಈಗ ಪುದೀನ ಇದೆ.